ವಿಲೋಮ ಫಂಕ್ಷನ್: ಸೂತ್ರಕ್ಕಿಂತ ಮೊದಲು ನಾನು ಕೇಳಲು ಕಲಿತ ಪ್ರಶ್ನೆ

ದ್ವಿತೀಯ ಪಿಯುಸಿ ಗಣಿತದ ಮೊದಲ ಅಧ್ಯಾಯದಲ್ಲಿಯೇ ನಾನು ಎಡವಿದ್ದೆ. ಬ್ಯಾಡಗಿ ಸಮೀಪದ ಹಳ್ಳಿಯಲ್ಲಿ ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಧಾರವಾಡಕ್ಕೆ ಬಂದಿದ್ದ ನನಗೆ, ಪಠ್ಯದ ಕನ್ನಡದಲ್ಲಿ ಉತ್ಪನ್ನ ಎನ್ನಿಸಿಕೊಳ್ಳುವ, ತರಗತಿಯಲ್ಲಿ ಎಲ್ಲರೂ ಫಂಕ್ಷನ್ ಎಂದೇ ಕರೆಯುವ ಈ ವಸ್ತುವಿನ ವಿಲೋಮವನ್ನು, ಅಂದರೆ ಫಲದಿಂದ ಮೂಲ ಬೆಲೆಗೆ ಹಿಂದಿರುಗಿಸುವ ಫಂಕ್ಷನ್ನನ್ನು, ಕಂಡುಹಿಡಿಯುವುದು ಕಷ್ಟವೆನಿಸಿರಲಿಲ್ಲ. ಎಕ್ಸ್ ಇದ್ದಲ್ಲಿ ವೈ, ವೈ ಇದ್ದಲ್ಲಿ ಎಕ್ಸ್ ಬರೆದು, ವೈಯನ್ನು ಒಂದು ಬದಿಗೆ ತಂದರೆ ಮುಗಿಯಿತು ಎಂದು ಕಂಠಪಾಠ ಮಾಡಿಕೊಂಡಿದ್ದೆ. ಎಲ್ಲ ವಾಸ್ತವ ಸಂಖ್ಯೆಗಳ ಮೇಲಿನ ಎಕ್ಸ್ ವರ್ಗಕ್ಕೆ ವಿಲೋಮ ± √ಎಕ್ಸ್ ಎಂದು ಬರೆದ ಉತ್ತರಕ್ಕೆ ಸೊನ್ನೆ ಬಿದ್ದಾಗ, ಬೀಜಗಣಿತದ ಹೆಜ್ಜೆಗಳೆಲ್ಲ ಸರಿಯಿದ್ದೂ ತಪ್ಪಾದದ್ದು ಎಲ್ಲಿ ಎಂಬುದು ಬಹಳ ದಿನ ಹೊಳೆಯಲಿಲ್ಲ.

ಈಗ ನಾನು ಹುಬ್ಬಳ್ಳಿಯ ಪದವಿಪೂರ್ವ ಕಾಲೇಜೊಂದರಲ್ಲಿ ಅದೇ ಅಧ್ಯಾಯವನ್ನು ಕಲಿಸುತ್ತೇನೆ, ಧಾರವಾಡದಿಂದ ಚಿಗರಿ ಬಸ್ಸಿನಲ್ಲಿ ಓಡಾಡುತ್ತೇನೆ. ಮೊದಲ ದಿನ ತರಗತಿಯಲ್ಲಿ ಸೂತ್ರ ಬರೆಯದೆ, ಹಿಂದಿರುಗುವ ದಾರಿ ಒಂದೇ ಇದೆಯೇ ಎಂದು ಕೇಳಿ, ಆ ಬಸ್ಸಿನ ಟಿಕೆಟ್ಟಿನ ಮಾತನ್ನೇ ಎತ್ತುತ್ತೇನೆ. ಹತ್ತಿದ ಸ್ಥಳ ಗೊತ್ತಿದ್ದರೆ, ಇಳಿಯುವ ಪ್ರತಿ ನಿಲ್ದಾಣಕ್ಕೂ ಒಂದು ದರ ಉಂಟು, ಎರಡಿಲ್ಲ. ಆದ್ದರಿಂದ ನಿಲ್ದಾಣದಿಂದ ದರಕ್ಕೆ ಹೋಗುವುದು ಫಂಕ್ಷನ್ ಆಗುತ್ತದೆ. ಆದರೆ ದರವು ಸ್ಟೇಜಿನ ಲೆಕ್ಕದಲ್ಲಿ ಏರುವುದರಿಂದ ಅಕ್ಕಪಕ್ಕದ ನಿಲ್ದಾಣಗಳಿಗೆ ಒಂದೇ ದರ ಬೀಳಬಹುದು, ಆಗ ಕೊಟ್ಟ ಹಣವನ್ನಷ್ಟೇ ನೋಡಿ ಪ್ರಯಾಣಿಕರು ಎಲ್ಲಿ ಇಳಿದರೆಂದು ಹೇಳಲಾಗದು. ಹೋಗುವ ದಾರಿ ಸ್ಪಷ್ಟವಾಗಿದ್ದರೂ ಹಿಂದಿರುಗುವಾಗ ಕವಲೊಡೆದರೆ ಆ ಫಂಕ್ಷನ್ ಒನ್-ಒನ್ ಅಲ್ಲ. ಒನ್-ಒನ್ ಆಗಿರಬೇಕೆಂಬುದನ್ನೇ ಗಣಿತದ ಭಾಷೆಯಲ್ಲಿ, ಎರಡು ಬೆಲೆಗಳಿಗೆ ಫಲ ಒಂದೇ ಬಂದರೆ ಆ ಬೆಲೆಗಳೂ ಒಂದೇ ಆಗಿರಬೇಕು ಎಂದು ಬರೆಯುತ್ತೇವೆ. ಗ್ರಾಫಿನ ಮೇಲೆ ಸ್ಕೇಲನ್ನು ಅಡ್ಡಲಾಗಿ ಇಟ್ಟು ಮೇಲಕ್ಕೂ ಕೆಳಕ್ಕೂ ಸರಿಸಿದಾಗ ಅದು ಎಲ್ಲಿಯೂ ರೇಖೆಯನ್ನು ಎರಡು ಕಡೆ ಮುಟ್ಟಬಾರದು, ಅಷ್ಟೇ. ನನ್ನ ಎಕ್ಸ್ ವರ್ಗದಲ್ಲಿ 3 ಮತ್ತು −3 ಎರಡೂ 9ಕ್ಕೆ ಹೋಗಿದ್ದವು. ನಾನು ಬರೆದ ± ಚಿಹ್ನೆಯೇ ಆ ಕವಲು.

ವಿಲೋಮವೆಂದರೆ ಮಾಡಿದ್ದನ್ನು ತಿರುವುಮುರುವಾಗಿ ಬಿಚ್ಚುವುದು ಎಂಬುದು ಮಾತ್ರ ನನಗೆ ಮನೆಯಲ್ಲಿಯೇ ಗೊತ್ತಿತ್ತು. ಮೆಣಸಿನಕಾಯಿ ಮಾರಿ ಬಂದ ದಿನ ಅಪ್ಪ ಅಡತಿ ಅಂಗಡಿಯ ಪಟ್ಟಿಯನ್ನು ಕೈಗೆ ಬಂದ ಹಣದಿಂದ ಹಿಂದಕ್ಕೆ ತಾಳೆ ನೋಡಿ ತೂಕಕ್ಕೆ ತಲುಪುತ್ತಿದ್ದರು. ತೂಕವನ್ನು ದರದಿಂದ ಗುಣಿಸಿ ಕೊನೆಗೆ ಗಾಡಿ ಬಾಡಿಗೆ ಕಳೆದಿದ್ದರಿಂದ, ಅವಸರದಲ್ಲಿ ಭಾಗಾಕಾರಕ್ಕೆ ಕೈಹಾಕುತ್ತಿದ್ದ ನನ್ನನ್ನು ತಡೆದು, "ಮೊದಲ ಬಾಡಿಗಿ ಕೂಡಸು, ಆಮ್ಯಾಲ ಭಾಗಸು" ಎನ್ನುತ್ತಿದ್ದರು. ಎರಡರಿಂದ ಗುಣಿಸಿ ಮೂರು ಕೂಡಿಸುವ ಫಂಕ್ಷನ್ನಿಗೂ ಅದೇ ನ್ಯಾಯ: 5 ಹೋಗಿ 13 ಆಗುತ್ತದೆ, ಹಿಂದಿರುಗುವಾಗ 13ರಲ್ಲಿ ಮೊದಲು ಮೂರು ಕಳೆದು ಬಳಿಕ ಎರಡರಿಂದ ಭಾಗಿಸಿದರೆ 5 ಸಿಗುತ್ತದೆ. ವಿಲೋಮವನ್ನು ಸೂಚಿಸಲು ಫಂಕ್ಷನ್ನಿನ ಹೆಸರಿನ ಮೇಲ್ತುದಿಯಲ್ಲಿ ಬರೆಯುವ −1 ಎಂಬ ಗುರುತನ್ನು ಘಾತವೆಂದು ಭಾವಿಸಿದವರು 13ನ್ನು ಅದೇ ಫಂಕ್ಷನ್ನಿಗೆ ಹಾಕಿ, 29 ಪಡೆದು, ಅದನ್ನು ಛೇದಕ್ಕಿಳಿಸಿ 1/29 ಬರೆಯುತ್ತಾರೆ. ಈ ತಪ್ಪಿಗೆ ವಿದ್ಯಾರ್ಥಿಗಳನ್ನು ನಾನು ಹೆಚ್ಚು ದೂರುವುದಿಲ್ಲ. ಇಂಗ್ಲಿಷ್ ಗಣಿತಜ್ಞ ಜಾನ್ ಹರ್ಶೆಲ್ 1813ರಲ್ಲಿ ಬಳಕೆಗೆ ತಂದ ಈ ಗುರುತು ಘಾತದ ಗುರುತನ್ನೇ ಹೋಲುವುದರಿಂದ ಗೊಂದಲ ಸಹಜ.

ನನಗೆ ನಿಜವಾಗಿ ಕಣ್ಣು ತೆರೆಸಿದ್ದು ಎಕ್ಸ್² − 4ಎಕ್ಸ್ ಎಂಬ ಚಿಕ್ಕ ಲೆಕ್ಕ. ಬಿ.ಎಸ್‌ಸಿ. ಓದುವಾಗ ಒಂದು ಸಂಜೆ ಅದರ ಗ್ರಾಫನ್ನು ಬರೆದೆ. 0ಗೂ 4ಕ್ಕೂ ಫಲ ಸೊನ್ನೆಯೇ ಆದ್ದರಿಂದ ಇಡೀ ರೇಖೆ ಒನ್-ಒನ್ ಅಲ್ಲ. ಆದರೆ ಅದು 2ರಲ್ಲಿ ತಳ ಮುಟ್ಟಿ ತಿರುಗುತ್ತದೆ, ಹಾಗಾಗಿ 2ರಿಂದ ಬಲಕ್ಕಿರುವ ಭಾಗವನ್ನಷ್ಟೇ ಇಟ್ಟುಕೊಂಡರೆ ರೇಖೆ ಏರುತ್ತಲೇ ಹೋಗುತ್ತದೆ. ವರ್ಗ ಪೂರ್ಣಗೊಳಿಸಿ (ಎಕ್ಸ್ − 2)² − 4 ಎಂದು ಬರೆದಾಗ ಹಿಂದಿರುಗುವ ಸೂತ್ರ 2 + √(ವೈ + 4) ಎಂದು ಬಂತು, ಅದಕ್ಕೆ ಹಾಕಬಹುದಾದ ಬೆಲೆಗಳು −4 ಮತ್ತು ಅದಕ್ಕಿಂತ ಹೆಚ್ಚಿನವು ಮಾತ್ರ. ಆ ಬಲಭಾಗವನ್ನಷ್ಟೇ ಬೇರೊಂದು ಹಾಳೆಯ ಮೇಲೆ ಶಾಯಿಯಲ್ಲಿ ಬರೆದು, ಶಾಯಿ ಆರುವ ಮೊದಲೇ ಹಾಳೆಯನ್ನು ವೈ = ಎಕ್ಸ್ ರೇಖೆಯ ಗುಂಟ ಮಡಚಿದೆ. ಅಚ್ಚು ಬಿದ್ದ ರೇಖೆಯೇ ವಿಲೋಮದ ಗ್ರಾಫ್ ಆಗಿತ್ತು. (2, −4) ಹೋಗಿ (−4, 2) ಆಗಿತ್ತು, ಮಡಿಕೆಯ ಮೇಲೆಯೇ ಇದ್ದ (5, 5) ಮಾತ್ರ ಇದ್ದಲ್ಲೇ ಇತ್ತು. ಪರೀಕ್ಷೆಯಲ್ಲಿ ಸೊನ್ನೆ ಏಕೆ ಬಿದ್ದಿತ್ತೆಂಬುದು ಆಗ ತಿಳಿಯಿತು: ವಿಲೋಮವಿರುವುದು ಸೂತ್ರಕ್ಕಲ್ಲ, ತನ್ನ ಡೊಮೇನಿನೊಡನೆ, ಅಂದರೆ ಅದಕ್ಕೆ ಹಾಕಬಹುದಾದ ಬೆಲೆಗಳ ಗಣದೊಡನೆ, ನಿಂತ ಫಂಕ್ಷನ್ನಿಗೆ. ಫಲಗಳಿಗೆಂದು ಗೊತ್ತುಮಾಡಿದ ಗಣದ, ಅಂದರೆ ಕೊಡೊಮೇನಿನ, ಬೆಲೆಗಳೆಲ್ಲ ಬಳಕೆಯಾಗಬೇಕು, ಅಂದರೆ ಫಂಕ್ಷನ್ ಆನ್‌ಟೂ ಆಗಿರಬೇಕು ಎಂಬ ಇನ್ನೊಂದು ನಿಬಂಧನೆಯೂ ಇದೆ. ನಿಜವಾಗಿ ಬರುವ ಫಲಗಳ ಗಣವನ್ನೇ, ಅಂದರೆ ರೇಂಜನ್ನೇ, ಕೊಡೊಮೇನ್ ಮಾಡಿಕೊಂಡರೆ ಅದು ತಾನಾಗಿ ತೀರುತ್ತದೆ.

ಮುಂದಿನ ಅಧ್ಯಾಯದ ತ್ರಿಕೋನಮಿತಿಯೂ ಇದೇ ಕಥೆ. ಸೈನ್ ಬೆಲೆ 30 ಡಿಗ್ರಿಗೂ 150 ಡಿಗ್ರಿಗೂ ಅರ್ಧವೇ ಆಗಿರುವಾಗ, ವಿಲೋಮಕ್ಕೆ −90ರಿಂದ 90ರವರೆಗಿನ ತುಂಡನ್ನು ಆರಿಸಿಕೊಂಡಿರುವುದರಿಂದಲೇ ಕ್ಯಾಲ್ಕುಲೇಟರ್ 30 ಎನ್ನುತ್ತದೆ.

ಹೋದ ವರ್ಷ ಆ ಎಕ್ಸ್² − 4ಎಕ್ಸ್ ಲೆಕ್ಕವನ್ನೇ, ಡೊಮೇನನ್ನು ನೀವೇ ಆರಿಸಿಕೊಳ್ಳಿ ಎಂದು ಕಿರುಪರೀಕ್ಷೆಯಲ್ಲಿ ಕೊಟ್ಟಿದ್ದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು 2 − √(ವೈ + 4) ಎಂದು ಬರೆದು, ಪಕ್ಕದವಳ ಉತ್ತರ ನೋಡಿ ಗಾಬರಿಯಾಗಿ, "ಸರ್, ನಂದು ತಪ್ಪೇನ್ರಿ?" ಎಂದಳು. ಹಾಳೆ ತಿರುಗಿಸಿ ನೋಡಿದೆ; ಮೊದಲ ಸಾಲಿನಲ್ಲಿಯೇ, ಎಕ್ಸ್ 2 ಅಥವಾ ಅದಕ್ಕಿಂತ ಕಡಿಮೆ ಎಂದು ಬರೆದುಕೊಂಡಿದ್ದಳು. ಇಬ್ಬರಿಗೂ ಪೂರ್ಣ ಅಂಕ ಹಾಕಿದೆ.