ಹಲಗೆ, ಬೆಣಚುಕಲ್ಲಿನ ಪುಡಿ ಮತ್ತು ಅಡುಗೆಮನೆಯ ಚಾಕು

ಕಳ್ಳು ಇಳಿಸುವ ಮೂರ್ತೆಯವರು ಬೆಣಚುಕಲ್ಲಿನ ಪುಡಿ ಹಾಕಿ ಕತ್ತಿ ಮಸೆಯುವ ಮರದ ಹಲಗೆಯ ಮೇಲೆ ಅಡುಗೆಮನೆಯ ಚಾಕುವನ್ನೂ ಹರಿತ ಮಾಡಬಹುದು ಎಂದು ನಾನು ಹೇಳಿದಾಗ, ಪುತ್ತೂರಿನ ಆಸುಪಾಸಿನ ನಮ್ಮ ನೆಂಟರಲ್ಲಿ ಯಾರೂ ನಂಬಲಿಲ್ಲ. "ಭಾವ, ಅದು ಸೊಪ್ಪು ಕಡಿಯುವ ಕತ್ತಿಗೆ ಸರಿ. ಚಾಕುವಿಗೆ ಜಪಾನಿನ ಕಲ್ಲೇ ಆಗಬೇಕು" ಎಂದರು. ಈಗ ಅವರ ಮನೆಯ ಚಾಕುಗಳೂ ನನ್ನ ಜಗಲಿಗೇ ಬರುತ್ತವೆ. ಹಣ್ಣಾದ ಟೊಮೆಟೊವನ್ನು ಒತ್ತದೆ, ಬರಿದೇ ಎಳೆದು ಕೊಯ್ದು ತೋರಿಸಿದ ಮೇಲೆ ವಾದ ನಿಂತಿದೆ.

ದುಡ್ಡು ಎಲ್ಲೆಲ್ಲಿ ಹೋಯಿತು ಎಂಬುದನ್ನು ಮೊದಲು ಹೇಳುತ್ತೇನೆ. ಚಾಕುವನ್ನು ಸೀಳಿನಲ್ಲಿ ಎಳೆದು ಹರಿತ ಮಾಡುವ ಸಾಧನಕ್ಕೆ ಮುನ್ನೂರೋ ಮುನ್ನೂರೈವತ್ತೋ ಕೊಟ್ಟೆ. ಅದು ಅಲಗನ್ನು ಕೆರೆದು ಹರಿಯುತ್ತದೆ. ಭೂತಗನ್ನಡಿಯಲ್ಲಿ ನೋಡಿದರೆ ಬಾಯಿಯೆಲ್ಲ ಗರಗಸದ ಹಲ್ಲಿನಂತೆ. ಎರಡು ದಿನ ಕೊಯ್ಯುತ್ತದೆ, ಮತ್ತೆ ಮೊಂಡು. ಪೇಟೆಯ ಮೋಟಾರ್ ಸಾಣೆಚಕ್ರಕ್ಕೆ ಕತ್ತಿಯೊಂದಕ್ಕೆ ಐವತ್ತು ರೂಪಾಯಿ. ಅಲ್ಲಿ ಆಚಾರಿ ಲಾರಿಯ ಸ್ಪ್ರಿಂಗ್ ಪಟ್ಟಿಯಲ್ಲಿ ಬಡಿದುಕೊಟ್ಟಿದ್ದ ಒಳ್ಳೆಯ ಕತ್ತಿಯ ಹದವೇ ಹೋಯಿತು. ಬಾಯಿಯ ಉದ್ದಕ್ಕೂ ನೀಲಿ ಬಣ್ಣ ಏರಿತ್ತು. ನೀಲಿ ಬಂತೆಂದರೆ ಉಕ್ಕು 300 ಡಿಗ್ರಿ ಸೆಲ್ಸಿಯಸ್‌ನ ಸುತ್ತಮುತ್ತ ಕಾದಿದೆ ಎಂದೇ ಅರ್ಥ. ಅಂಥ ಜಾಗವನ್ನು ಎಷ್ಟು ಮಸೆದರೂ ಹರಿತ ನಿಲ್ಲುವುದಿಲ್ಲ; ನೀಲಿಯಾದಷ್ಟನ್ನೂ ಕೈಯಲ್ಲೇ ಸವೆಸಿ ತೆಗೆದೆ. ಆಮೇಲೆ ನೀರು ಹಾಕಿ ಮಸೆಯುವ ಎರಡು ಮುಖದ ನೀರುಕಲ್ಲು (ಕಣದ ಅಂಕ ಒರಟು ಮುಖಕ್ಕೆ 1000, ನಯದ ಮುಖಕ್ಕೆ 6000), ಎರಡೂವರೆ ಸಾವಿರದ ಮೇಲೆ. ಕಲ್ಲು ಒಳ್ಳೆಯದೇ. ಆದರೆ ತೋಟದ ಕತ್ತಿಗಳನ್ನೂ ಅದರ ಮೇಲೇ ಉಜ್ಜಿದರೆ ನಡು ತಗ್ಗಿ, ಅದನ್ನು ಸಮ ಮಾಡುವುದೇ ಒಂದು ಕೆಲಸವಾಗುತ್ತದೆ. ಎಲ್ಲ ಸೇರಿ ಮೂರು ಸಾವಿರದ ಆಸುಪಾಸು ಕೈಬಿಟ್ಟಿತು. ಹಲಗೆಗೆ ಖರ್ಚೇ ಇಲ್ಲ.

ಇದರಲ್ಲಿ ಗುಟ್ಟಿರುವುದು ಪುಡಿಯಲ್ಲಿ. ಕುಟ್ಟಿದ ಹಾಗೆಯೇ ಉದುರಿಸಿದರೆ ಚಾಕುವಿನ ಮೇಲೆ ಗೀರು ಬೀಳುತ್ತದೆ, ಅಷ್ಟೇ. ನಾನು ಬೆಣಚುಕಲ್ಲನ್ನು ಬಚ್ಚಲ ಒಲೆಯ ಕೆಂಡದಲ್ಲಿ ಕೆಂಪಗೆ ಕಾಯಿಸಿ ನೀರಿಗೆ ಹಾಕುತ್ತೇನೆ. ಒಳಗೊಳಗೇ ಬಿರಿದು, ಕುಟ್ಟಲು ಸುಲಭವಾಗುತ್ತದೆ. ಕುಟ್ಟುವುದು ಮಾತ್ರ ನೀರು ಹಾಕಿಯೇ. ಕಲ್ಲುಕೋರೆಯವರಿಗೆ ಸಿಲಿಕೋಸಿಸ್ ಎಂಬ ಶ್ವಾಸಕೋಶದ ಕಾಯಿಲೆ ತರುವುದು ಇದೇ ಒಣ ಧೂಳು. ಇದರಲ್ಲಿ ಉದಾಸೀನ ಬೇಡವೇ ಬೇಡ. ಕುಟ್ಟಿದ್ದನ್ನು ಬಕೆಟ್ ನೀರಿನಲ್ಲಿ ಕಲಕಿ, ಅರ್ಧ ನಿಮಿಷ ಬಿಟ್ಟು, ಮೇಲಿನ ಬಿಳಿ ನೀರನ್ನು ಎರಡನೆಯ ಬಕೆಟ್‌ಗೆ ಬಗ್ಗಿಸುತ್ತೇನೆ. ತಳದಲ್ಲಿ ಉಳಿದ ತರಿಯನ್ನು ಮತ್ತೆ ಕುಟ್ಟುವುದಕ್ಕೆ. ಎರಡನೆಯದು ಹತ್ತು ನಿಮಿಷ ನಿಲ್ಲಬೇಕು. ಅಲ್ಲಿ ತಳಕ್ಕಿಳಿದದ್ದು ತೋಟದ ಕತ್ತಿಗೆ. ಮೂರನೆಯದು ಒಂದು ಗಂಟೆ, ಅದು ಚಾಕುವಿಗೆ. ಆಮೇಲೂ ಹಾಲಿನಂತೆ ಉಳಿಯುವ ನೀರನ್ನು ರಾತ್ರಿಯಿಡೀ ಇಟ್ಟರೆ ಬೆಳಿಗ್ಗೆ ತಳದಲ್ಲಿ ಒಂದು ತೆಳು ಕೆಸರು ಸಿಗುತ್ತದೆ. ಎರಡು ಬೆರಳಿನ ನಡುವೆ ಉಜ್ಜಿದರೆ ಕಣ ತಿಳಿಯುವುದಿಲ್ಲ. ಟೊಮೆಟೊ ಕೊಯ್ಯುವುದು ಈ ಕೆಸರಿನ ಬಲದಿಂದ.

ಹಲಗೆ ಎರಡಡಿ ಉದ್ದ, ನಾಲ್ಕು ಅಂಗುಲ ಅಗಲ ಇದ್ದರೆ ಸಾಕು. ಯಾವ ಮರ ಎಂಬುದು ನನ್ನಲ್ಲೇ ಇರಲಿ. ಹಲಸೂ ಅಲ್ಲ, ತೇಗವೂ ಅಲ್ಲ. ಮರ ಗಡುಸಾದರೆ ಪುಡಿ ಉರುಳಿ ಹೋಗುತ್ತದೆ, ತೀರ ಮೆದುವಾದರೆ ಹುದುಗಿಬಿಡುತ್ತದೆ. ಪುಡಿಗೆ ಬೆರೆಸುವ ಒಂದು ಎಣ್ಣೆಯ ಬಗ್ಗೆಯೂ ಸದ್ಯ ಹೇಳುವುದಿಲ್ಲ, ನೀರಿನಲ್ಲೂ ಕೆಲಸ ನಡೆಯುತ್ತದೆ. ಎಳೆಯುವುದು ಯಾವಾಗಲೂ ಬೆನ್ನು ಮುಂದಾಗಿ. ಬಾಯಿ ಮುಂದಾದರೆ ಮರಕ್ಕೇ ಕಚ್ಚುತ್ತದೆ. ಕೋನಕ್ಕೆ ಯಾವ ಉಪಕರಣವೂ ಬೇಡ. ಅಲಗಿನ ಅಗಲದ ಕಾಲುಭಾಗದಷ್ಟು ಬೆನ್ನನ್ನು ಎತ್ತಿ ಹಿಡಿದರೆ ಸುಮಾರು 15 ಡಿಗ್ರಿ, ಚಾಕುವಿಗೆ ಅದು ಸಾಕು. ಮೂರರಲ್ಲೊಂದು ಭಾಗ ಎತ್ತಿದರೆ 20ರ ಹತ್ತಿರ, ಅದು ಕತ್ತಿಗೆ. ಆಚೆ ಬದಿಗೆ ತೆಳುವಾದ ಅಂಚು ಮಡಚಿದ್ದು ಹೆಬ್ಬೆರಳಿಗೆ ತಾಗುವವರೆಗೆ ಬದಿ ಬದಲಾಯಿಸಬಾರದು. ಹೆಚ್ಚಿನವರು ಅವಸರ ಮಾಡುವುದು ಇಲ್ಲಿಯೇ.

ಸ್ಟೇನ್‌ಲೆಸ್ ಚಾಕುಗಳ ವಿಷಯ ಬೇರೆ. ಬೆಣಚುಕಲ್ಲಿನ ಗಡಸುತನ ಹತ್ತರವರೆಗಿನ ಮೋಸ್ ಅಳತೆಯಲ್ಲಿ 7. ಆಚಾರಿಯ ಉಕ್ಕಿಗೆ ಧಾರಾಳವಾಯಿತು. ಸ್ಟೇನ್‌ಲೆಸ್‌ನಲ್ಲಿರುವ ಕ್ರೋಮಿಯಂ ಕಾರ್ಬೈಡ್ ಕಣಗಳು ಅದಕ್ಕಿಂತ ಗಟ್ಟಿ. ಅಂಥ ಚಾಕುಗಳನ್ನು ಹಾರ್ಡ್‌ವೇರ್ ಅಂಗಡಿಯ ನೂರೈವತ್ತು ರೂಪಾಯಿಯ ಕಾರ್ಬೊರಂಡಂ ಕಲ್ಲಿನಲ್ಲಿ ತೀಡಿ, ಕೊನೆಯ ಕೆಲಸಕ್ಕೆ ಮಾತ್ರ ಹಲಗೆಗೆ ತರುತ್ತೇನೆ.

ನಡುವೆ ಉಮಿ ಸುಟ್ಟ ಬೂದಿಯನ್ನು ಹಳೆಯ ಚರ್ಮದ ಬೆಲ್ಟಿಗೆ ಹಚ್ಚಿಯೂ ನೋಡಿದೆ. ಬೆಣಚುಕಲ್ಲಿನಂತೆ ಅದರಲ್ಲೂ ಹೆಚ್ಚಿನ ಪಾಲು ಸಿಲಿಕಾ ತಾನೇ? ಹೊಳಪು ಚೆನ್ನಾಗಿ ಬಂತು, ಹರಿತ ಮಾತ್ರ ಹಸಿರು ಪಾಲಿಶ್ ಬತ್ತಿಯಷ್ಟು ಬರಲಿಲ್ಲ. ರಬ್ಬರ್ ಟ್ಯಾಪಿಂಗ್ ಕತ್ತಿಯ ಒಳಬಾಗಿದ ಬದಿಗೆ ಅದೇ ಮರದ ಕಡ್ಡಿಯನ್ನು ಕೆತ್ತಿ, ಕೆಸರು ಹಚ್ಚಿ ಉಜ್ಜಿದೆ. ಟ್ಯಾಪರ್ ಮರುದಿನವೇ ಇನ್ನೊಂದು ಕತ್ತಿ ತಂದ. ಮೆಟ್ಟುಕತ್ತಿಗೂ (ಈಳಿಗೆಮಣೆಗೂ) ಹೀಗೆಯೇ, ಕಡ್ಡಿಯನ್ನೇ ಅಲಗಿನ ಬಳಿಗೆ ಒಯ್ಯಬೇಕು.

ಹಲಗೆಯ ಒಂದು ಮುಖ ಕತ್ತಿಗೆ, ಇನ್ನೊಂದು ಚಾಕುವಿಗೆ ಎಂದು ಗುರುತು ಹಾಕಿಡಿ. ನಯದ ಮುಖಕ್ಕೆ ದಪ್ಪ ಕಣ ಒಂದೇ ಒಂದು ಹೊಕ್ಕರೂ ಕೀಸುಳಿ ಹಿಡಿದು ಹೊಸ ಮೈ ತೆಗೆಯದೆ ಗತಿಯಿಲ್ಲ.