ನೀಲ್ ದ್ವೀಪದಲ್ಲಿ ಕುಟುಂಬದ ರಜೆ: ಉಬ್ಬರ ಇಳಿತ ನೋಡಿ ದಿನ ಹೊಂದಿಸುವ ಕ್ರಮ

ಅಂಡಮಾನಿಗೆ ಹೊರಡುವ ಕುಟುಂಬಗಳಲ್ಲಿ ಹೆಚ್ಚಿನವು ಹ್ಯಾವ್ಲಾಕ್ ದ್ವೀಪದಲ್ಲಿ ಎರಡು ಮೂರು ರಾತ್ರಿ ತಂಗಿ, ನೀಲ್ ದ್ವೀಪಕ್ಕೆ ಮಾತ್ರ ಬೆಳಗ್ಗೆ ಬಂದು ಸಂಜೆ ಹೊರಟುಬಿಡುತ್ತವೆ. ಪುಟ್ಟ ಮಕ್ಕಳು ಮತ್ತು ವಯಸ್ಸಾದ ತಂದೆತಾಯಿ ಜೊತೆಗಿದ್ದರೆ ಇದನ್ನು ಅದಲುಬದಲು ಮಾಡಿಕೊಂಡು, ನೀಲ್‌ನಲ್ಲೇ ಕನಿಷ್ಠ ಎರಡು ರಾತ್ರಿ ಉಳಿಯುವುದು ಲೇಸು ಎಂಬುದು ನನ್ನ ಖಚಿತ ಅಭಿಪ್ರಾಯ. 2018ರ ಡಿಸೆಂಬರಿನಲ್ಲಿ ಶಹೀದ್ ದ್ವೀಪವೆಂದು ಮರುನಾಮಕರಣಗೊಂಡರೂ ಜನರ ಬಾಯಲ್ಲಿ ನೀಲ್ ಆಗಿಯೇ ಉಳಿದಿರುವ ಈ ದ್ವೀಪ ಚಿಕ್ಕದು; ಒಂದು ತುದಿಯಿಂದ ಇನ್ನೊಂದು ತುದಿಗೆ ಆಟೋದಲ್ಲಿ ಅರ್ಧ ಗಂಟೆಯೂ ಬೇಡ. ಆದರೆ ಇಲ್ಲಿಯ ಒಂದು ಕಡಲತೀರವನ್ನು ನೀರು ಇಳಿದಾಗ ನೋಡಬೇಕು, ಇನ್ನೊಂದನ್ನು ನೀರು ಏರಿದಾಗ ನೋಡಬೇಕು. ಕೆಲವೇ ಗಂಟೆಗಳಿಗೆ ಬಂದು ಹೋಗುವವರಿಗೆ ಇವೆರಡೂ ದಕ್ಕುವುದು ಅಪರೂಪ.

ಮೊದಲು ಕಾಲದ ವಿಚಾರ. ಅಂಡಮಾನಿಗೆ ನೈಋತ್ಯ ಮುಂಗಾರು ಮತ್ತು ಈಶಾನ್ಯ ಹಿಂಗಾರು ಎರಡರಿಂದಲೂ ಮಳೆಯಾಗುತ್ತದೆ, ಮತ್ತು ನೈಋತ್ಯ ಮುಂಗಾರು ಕೇರಳಕ್ಕಿಂತ ಮೊದಲೇ, ಸಾಮಾನ್ಯವಾಗಿ ಮೇ ತಿಂಗಳ ಮೂರನೆಯ ವಾರದ ಹೊತ್ತಿಗೆ, ಅಲ್ಲಿಗೆ ತಲುಪುತ್ತದೆ. ಹಾಗಾಗಿ ಕರ್ನಾಟಕದ ಶಾಲೆಗಳ ಬೇಸಿಗೆ ರಜೆಯಲ್ಲಿ ಹೋಗುವವರು ಏಪ್ರಿಲ್ ಮಧ್ಯದಿಂದ ಮೇ ಮೊದಲ ವಾರದೊಳಗೆ ಪ್ರವಾಸ ಮುಗಿಸಿಕೊಳ್ಳುವುದು ಒಳ್ಳೆಯದು. ಆಗ ಸೆಕೆ ಇರುತ್ತದೆ, ಆದರೆ ಕಡಲು ಸಾಮಾನ್ಯವಾಗಿ ಶಾಂತವಾಗಿರುತ್ತದೆ. ದಸರಾ ರಜೆಯಲ್ಲಿ ಮಳೆಯ ಭಯ ಹೆಚ್ಚು.

ದಿನಾಂಕಗಳು ಗೊತ್ತಾದ ಕೂಡಲೇ ಆ ದಿನಗಳ ಉಬ್ಬರವಿಳಿತದ ವೇಳಾಪಟ್ಟಿಯನ್ನು ಬರೆದಿಟ್ಟುಕೊಳ್ಳಿ. ಪೋರ್ಟ್ ಬ್ಲೇರ್, ಅಂದರೆ 2024ರಿಂದ ಶ್ರೀ ವಿಜಯಪುರಂ ಎನಿಸಿಕೊಂಡ ಊರಿನ ಪಟ್ಟಿ ಅಂತರ್ಜಾಲದಲ್ಲಿ ಸುಲಭವಾಗಿ ಸಿಗುತ್ತದೆ, ಮತ್ತು ನೀಲ್‌ನಲ್ಲಿ ದಿನದ ಯೋಜನೆಗೆ ಅದು ಸಾಕು. ಇಲ್ಲಿ ದಿನಕ್ಕೆ ಎರಡು ಬಾರಿ ನೀರು ಏರುತ್ತದೆ, ಎರಡು ಬಾರಿ ಇಳಿಯುತ್ತದೆ, ಮತ್ತು ಈ ಹೊತ್ತು ಪ್ರತಿದಿನವೂ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತದೆ. ಅಮಾವಾಸ್ಯೆ ಹುಣ್ಣಿಮೆಗಳ ಆಸುಪಾಸಿನಲ್ಲಿ ನೀರು ಹೆಚ್ಚು ದೂರ ಹಿಂದೆ ಸರಿಯುವುದರಿಂದ, ನೋಡುವುದಕ್ಕೂ ಹೆಚ್ಚು ಸಿಗುತ್ತದೆ; ಕ್ಯಾಲೆಂಡರಿನಲ್ಲಿ ತಿಥಿ ನೋಡಿ ಹೊರಡುವ ನಮ್ಮ ಮನೆಗಳ ರೂಢಿ ಇಲ್ಲಿ ನಿಜಕ್ಕೂ ಉಪಯೋಗಕ್ಕೆ ಬರುತ್ತದೆ.

ನೀರು ಇಳಿಯುವ ಹೊತ್ತನ್ನು ಲಕ್ಷ್ಮಣಪುರದ ಎರಡನೆಯ ಕಡಲತೀರಕ್ಕೆ ಮೀಸಲಿಡಿ. ಅಲೆಗಳು ಕೊರೆದು ಕೊರೆದು ಕಮಾನಿನಂತಾದ ಬಂಡೆಯೊಂದು ಅಲ್ಲಿದೆ. ಪೂರ್ವ ಬಂಗಾಳದಿಂದ ಬಂದು ಇಲ್ಲಿ ನೆಲೆಸಿದ ಕುಟುಂಬಗಳವರು ಅದನ್ನು ಹೌರಾ ಸೇತುವೆ ಎನ್ನುತ್ತಾರೆ. ಎಲ್ಲರೂ ಅದರ ಮುಂದೆ ನಿಂತು ಫೋಟೋ ತೆಗೆಸಿಕೊಂಡು ಹಿಂತಿರುಗುತ್ತಾರೆ, ಆದರೆ ಮಕ್ಕಳಿಗೆ ನಿಜವಾದ ಹಬ್ಬವಿರುವುದು ಕಮಾನಿಗೆ ಹೋಗುವ ದಾರಿಯಲ್ಲಿ, ಹವಳದ ಕಲ್ಲುಗಳ ನಡುವೆ ನಿಂತ ಮೊಣಕಾಲುದ್ದದ ನೀರಿನ ಹೊಂಡಗಳಲ್ಲಿ. ಪಟ್ಟಿಯಲ್ಲಿರುವ ಇಳಿತದ ಹೊತ್ತಿಗಿಂತ ಒಂದೂವರೆ ಗಂಟೆ ಮೊದಲೇ ಅಲ್ಲಿರಿ. ಒಂದು ಹೊಂಡದ ಪಕ್ಕ ಕುಳಿತು, ನೀರಿನ ಮೇಲೆ ನಿಮ್ಮದೇ ನೆರಳು ಬೀಳುವಂತೆ ನೋಡಿಕೊಂಡು, ಎರಡು ಮೂರು ನಿಮಿಷ ಅಲುಗಾಡದೆ ಇರುವಂತೆ ಮಕ್ಕಳಿಗೆ ಹೇಳಿ. ಮೊದಲು ಖಾಲಿ ಕಂಡ ತಳದಲ್ಲಿ ಶಂಖವೊಂದು ಮೆಲ್ಲಗೆ ಏಳುತ್ತದೆ. ಅದರ ಬಾಯಿಂದ, ಖಾಲಿ ಶಂಖದೊಳಗೆ ಮನೆ ಮಾಡಿಕೊಳ್ಳುವ ಸನ್ಯಾಸಿ ಏಡಿಯ ಕಾಲುಗಳು ಒಂದೊಂದಾಗಿ ಹೊರಬರುತ್ತವೆ. ಮರಳಿನ ಮೇಲೆ ಕಪ್ಪಗೆ, ಗೇಣುದ್ದ ಬಿದ್ದಿರುವುದು ಕೋಲಲ್ಲ, ಕಡಲಸೌತೆ ಎಂಬ ಜೀವಿ. ಕಲ್ಲಿನ ಸಂದಿಯಲ್ಲಿ ಮುಳ್ಳುಗಳನ್ನು ಚಾಚಿಕೊಂಡಿರುವುದು ಅರ್ಚಿನ್ ಎಂಬ ಕಡಲಜೀವಿ; ಅದರ ಮುಳ್ಳು ಚುಚ್ಚಿ ಮುರಿದರೆ ನೋವು ಬಹಳ, ಆದ್ದರಿಂದ ಯಾವ ಸಂದಿಗೂ ಕೈ ಹಾಕಬಾರದು. ಹವಾಯಿ ಚಪ್ಪಲಿ ಇಲ್ಲಿ ಅಪಾಯಕಾರಿ. ಹಿಮ್ಮಡಿ ಮುಚ್ಚುವ, ಜಾರದ ಅಡಿಯಿರುವ ಶೂಗಳನ್ನು ಎಲ್ಲರಿಗೂ ಊರಿನಿಂದಲೇ ಒಯ್ಯಿರಿ. ಸ್ಥಳೀಯ ಮಾರ್ಗದರ್ಶಿಯೊಬ್ಬರನ್ನು ಕರೆದುಕೊಂಡರೆ ಕೊಡುವ ಹಣ ವ್ಯರ್ಥವಾಗದು, ಏಕೆಂದರೆ ಯಾವ ಕಲ್ಲಿನ ಬಳಿ ಏನಿರುತ್ತದೆ ಎಂಬುದು ಅವರಿಗೆ ಕಂಠಪಾಠ. ಮಂಡಿನೋವಿರುವ ಹಿರಿಯರಿಗೆ ಈ ಕಲ್ಲುಹಾದಿ ಬೇಡ. ಅವರು ಮೇಲೆ ಅಂಗಡಿಗಳ ಬಳಿ ನೆರಳಿನಲ್ಲಿ ಎಳನೀರು ಕುಡಿಯುತ್ತ ಕೂರಬಹುದು. ನೀರು ಮತ್ತೆ ಏರತೊಡಗಿದ್ದು ಕಂಡೊಡನೆ, ಮಕ್ಕಳು ಎಷ್ಟೇ ಹಟ ಹಿಡಿದರೂ, ಹಿಂತಿರುಗಿ.

ಉಬ್ಬರದ ಹೊತ್ತು ಭರತಪುರಕ್ಕೆ. ಹಡಗುಕಟ್ಟೆಯ ಪಕ್ಕದ ಈ ತೀರದಲ್ಲಿ ನೀರು ಇಳಿದಾಗ ಹವಳದ ಕಲ್ಲುಗಳು ಹೊರಬಿದ್ದು ಈಜಲು ಆಗುವುದಿಲ್ಲ. ಏರಿದಾಗ ಗಾಜಿನ ತಳದ ದೋಣಿಯಲ್ಲಿ ಅಜ್ಜ ಅಜ್ಜಿಯರೂ ಕುಳಿತಲ್ಲಿಂದಲೇ ಹವಳವನ್ನೂ ಮೀನುಗಳನ್ನೂ ನೋಡಬಹುದು. ದೊಡ್ಡವರು ಯಾರಾದರೂ ಸ್ಕೂಬಾ ಮಾಡುವುದಾದರೆ, ಅದಕ್ಕೂ ವಿಮಾನ ಹತ್ತುವುದಕ್ಕೂ ನಡುವೆ ಕನಿಷ್ಠ 18 ಗಂಟೆ ಬಿಡಬೇಕು.

ಸೂರ್ಯ ಇಲ್ಲಿ ಬೆಂಗಳೂರಿಗಿಂತ ಸುಮಾರು ಒಂದು ಗಂಟೆ ಮುಂದಿರುತ್ತಾನೆ. ಏಪ್ರಿಲ್ ಕೊನೆಯಲ್ಲಿ ಬೆಳಗಿನ ಐದಕ್ಕೇ ಸೂರ್ಯೋದಯ, ಡಿಸೆಂಬರಿನಲ್ಲಿ ಸಂಜೆ ಐದಕ್ಕೆಲ್ಲ ಸೂರ್ಯಾಸ್ತ. ಊಟ ತಿಂಡಿ ನಿದ್ದೆಗಳನ್ನು ಒಂದು ಗಂಟೆ ಬೇಗ ಮಾಡಿಕೊಂಡರೆ ಸೀತಾಪುರ ತೀರದ ಸೂರ್ಯೋದಯವೂ ಲಕ್ಷ್ಮಣಪುರದ ಮೊದಲ ತೀರದ ಸೂರ್ಯಾಸ್ತವೂ ಕೈತಪ್ಪುವುದಿಲ್ಲ.

ಊಟದ ಚಿಂತೆ ಸಸ್ಯಾಹಾರಿಗಳಿಗೂ ಬೇಡ. ಅಂಡಮಾನಿಗೆ ತರಕಾರಿ ಬೆಳೆದುಕೊಡುವ ದ್ವೀಪವೇ ಇದು. ಆದರೆ ನಗದು ಹಣ, ಮಕ್ಕಳ ಔಷಧಿ, ಮತ್ತು ಹಡಗಿನಲ್ಲಿ ವಾಂತಿ ಬರುವವರಿಗೆ ವೈದ್ಯರನ್ನು ಕೇಳಿ ತೆಗೆದುಕೊಂಡ ಮಾತ್ರೆ ನಿಮ್ಮ ಬಳಿಯೇ ಇರಲಿ.

ಕಡಲು ಒರಟಾದ ದಿನ ಹಡಗುಗಳು ರದ್ದಾಗುವುದುಂಟು. ಆದ್ದರಿಂದ ಹಿಂತಿರುಗುವ ವಿಮಾನದ ಹಿಂದಿನ ದಿನವೇ ನೀಲ್ ಬಿಟ್ಟು, ಕೊನೆಯ ರಾತ್ರಿಯನ್ನು ಶ್ರೀ ವಿಜಯಪುರಂನಲ್ಲಿ ಕಳೆಯುವಂತೆ ಟಿಕೆಟ್ ಮಾಡಿಸಿ. ಚೀಲ ಕಟ್ಟುವಾಗ ಮಕ್ಕಳ ಜೇಬುಗಳನ್ನೂ ಒಮ್ಮೆ ನೋಡಿ: ಹವಳಕ್ಕೆ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದೆ, ಸತ್ತ ಹವಳದ ಚೂರಿಗೂ ವಿನಾಯಿತಿ ಇಲ್ಲ. ಚಿಪ್ಪು, ಹವಳ ಏನೇ ಸಿಕ್ಕರೂ ಹಡಗು ಹತ್ತುವ ಮೊದಲೇ ತೀರದಲ್ಲಿ ಮಕ್ಕಳ ಕೈಯಿಂದಲೇ ಬಿಡಿಸಿ.