ಚಿಪ್ಪುಹಂದಿಗೊಂದು ಪದ್ಯ: ಅಳಿವಿನಂಚಿನ ಪ್ರಾಣಿಗಳನ್ನು ಪುಟಾಣಿಗಳಿಗೆ ಪರಿಚಯಿಸುವುದು ಹೇಗೆ?

ಅಕ್ಕನ ಮಗಳಿಗೆ ಐದು ವರ್ಷ. ಒಂದು ದಿನ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಬಲೆಯಲ್ಲಿ ಸಿಕ್ಕಿಬಿದ್ದ ಚಿಪ್ಪುಹಂದಿಯ ಫೋಟೊ ತೋರಿಸಿದೆ. ‘ಪಾಪ, ಇದನ್ನು ಹಿಡಿದು ಮಾರುತ್ತಾರೆ’ ಅಂದೆ. ಅವಳು ಮುಖ ತಿರುಗಿಸಿ ಅಡುಗೆಮನೆಗೆ ಓಡಿದಳು. ಆಮೇಲೆ ನಾನು ಮೊಬೈಲ್ ಹಿಡಿದು ಕರೆದಾಗಲೆಲ್ಲ ‘ಆ ಪ್ರಾಣಿ ಬೇಡ ಚಿಕ್ಕಮ್ಮ’ ಅನ್ನುತ್ತಿದ್ದಳು. ತಪ್ಪು ನನ್ನದೇ. ಗುರುತೇ ಇಲ್ಲದ ಪ್ರಾಣಿಯ ಕಷ್ಟವನ್ನು ಮೊದಲ ದಿನವೇ ಮಗುವಿನ ತಲೆಗೆ ಹಾಕಿದ್ದೆ. ಮೊದಲು ಗೆಳೆತನ ಆಗಬೇಕು. ಅದಕ್ಕೆ ಒಂದು ಒಳ್ಳೆಯ ಫೋಟೊ, ನಾಲ್ಕು ಸಾಲಿನ ಪದ್ಯ ಸಾಕು. ಮೂರರಿಂದ ಎಂಟು ವರ್ಷದ ಮಕ್ಕಳ ಜತೆ ಮನೆಯಲ್ಲೋ, ಅಂಗನವಾಡಿಯಲ್ಲೋ ಹೀಗೆ ಮಾಡಿ ನೋಡಿ.

1. ಒಂದು ಸಲಕ್ಕೆ ಒಂದೇ ಪ್ರಾಣಿ

ಹತ್ತು ಪ್ರಾಣಿಗಳ ಚಾರ್ಟ್ ತಂದು ಗೋಡೆಗೆ ಅಂಟಿಸಿದರೆ ಮಗು ಹತ್ತು ಹೆಸರು ಕಲಿಯುತ್ತದೆ, ಅಷ್ಟೇ. ಎರಡು ವಾರ ಒಂದೇ ಪ್ರಾಣಿ ಇರಲಿ. ನಮ್ಮ ರಾಜ್ಯದಲ್ಲೇ ಇರುವುದನ್ನು ಆರಿಸಿಕೊಳ್ಳಿ. ಹುಲಿ, ಆನೆ ಮಕ್ಕಳಿಗೆ ಆಗಲೇ ಗೊತ್ತು. ಚಿಪ್ಪುಹಂದಿ, ಸಿಂಗಳೀಕ, ರಣಹದ್ದು, ಬಳ್ಳಾರಿ ಸೀಮೆಯ ಎರ್ಲಡ್ಡು ಹಕ್ಕಿ (ಗ್ರೇಟ್ ಇಂಡಿಯನ್ ಬಸ್ಟರ್ಡ್) ಗೊತ್ತಿಲ್ಲ. ಶುರು ಮಾಡಲು ನನಗೆ ಚಿಪ್ಪುಹಂದಿಯೇ ಇಷ್ಟ. ಯಾಕೆ ಅಂತ ಮುಂದೆ ಹೇಳುತ್ತೇನೆ.

2. ಫೋಟೊ ಹುಡುಕುವಾಗ

ವಿಕಿಮೀಡಿಯ ಕಾಮನ್ಸ್ ಜಾಲತಾಣದಲ್ಲಿ ಎಲ್ಲರೂ ಬಳಸಬಹುದಾದ ಫೋಟೊಗಳು ಸಿಗುತ್ತವೆ. ಬರೀ ‘ಪ್ಯಾಂಗೊಲಿನ್’ ಅಂತ ಹುಡುಕಿದರೆ ಆಫ್ರಿಕಾದ್ದೂ ಬರುತ್ತದೆ. ಜಗತ್ತಿನಲ್ಲಿ ಎಂಟು ಬಗೆಯ ಚಿಪ್ಪುಹಂದಿಗಳಿವೆ: ನಾಲ್ಕು ಏಷ್ಯಾದವು, ನಾಲ್ಕು ಆಫ್ರಿಕಾದವು. ‘ಇಂಡಿಯನ್ ಪ್ಯಾಂಗೊಲಿನ್’ ಅಂತಲೇ ಹುಡುಕಿ. ಸಿಂಗಳೀಕಕ್ಕೂ ಇದೇ ಎಚ್ಚರ ಬೇಕು. ಬೇರೆ ಕಪ್ಪು ಕೋತಿಗಳ ಫೋಟೊ ಅದರ ಹೆಸರಲ್ಲಿ ಓಡಾಡುತ್ತದೆ. ಮುಖದ ಸುತ್ತ ಬೆಳ್ಳಿ ಬಣ್ಣದ ಕೇಸರ, ಬಾಲದ ತುದಿಯಲ್ಲಿ ಕುಚ್ಚು ಇದ್ದರೆ ಅದು ಸಿಂಗಳೀಕ.

ಬಲೆ, ಪಂಜರ, ಗಾಯ, ಯಾರದೋ ಕೈಯಲ್ಲಿ ನೇತಾಡುವ ಪ್ರಾಣಿ ಇರುವ ಫೋಟೊ ಬೇಡ. ಕಂಪ್ಯೂಟರ್ ಸೃಷ್ಟಿಸಿದ ಚಿತ್ರವೂ ಬೇಡ. ಅದರಲ್ಲಿ ಬೆರಳು, ಚಿಪ್ಪು ತಪ್ಪಿರುವುದುಂಟು. ಮೂರು ಫೋಟೊ ಸಾಕು: ಪೂರ್ತಿ ಪ್ರಾಣಿಯದ್ದು ಒಂದು, ಹತ್ತಿರದಿಂದ ತೆಗೆದದ್ದು ಒಂದು, ತಾಯಿ ಮರಿ ಇರುವುದು ಒಂದು. ಚಿಪ್ಪುಹಂದಿಯ ಮರಿ ಅಮ್ಮನ ಬಾಲದ ಮೇಲೆ ಕುಳಿತು ಸವಾರಿ ಹೋಗುತ್ತದೆ. ಆ ಫೋಟೊ ಸಿಕ್ಕರೆ ಬಿಡಬೇಡಿ. ಜೆರಾಕ್ಸ್ ಅಂಗಡಿಯಲ್ಲಿ ಎ4 ಅಳತೆಯ ಕಲರ್ ಪ್ರಿಂಟ್ ಹಾಕಿಸಿ. ಮೊಬೈಲ್‌ನಲ್ಲಾದರೆ ಮಗುವಿನ ಬೆರಳು ಮುಂದಿನ ಚಿತ್ರಕ್ಕೆ ಜಾರಿಬಿಡುತ್ತದೆ.

3. ಮುಚ್ಚಿ ತೋರಿಸಿ

ಒಂದು ರಟ್ಟಿನಲ್ಲಿ ಬೆಂಕಿಪೊಟ್ಟಣದಷ್ಟು ಕಿಟಕಿ ಕತ್ತರಿಸಿ. ಅದನ್ನು ಫೋಟೊ ಮೇಲಿಟ್ಟು ಚಿಪ್ಪಿನ ಭಾಗ ಮಾತ್ರ ಕಾಣಿಸಿ. ‘ಇದೇನು?’ ಅಂತ ಕೇಳಿ ಸುಮ್ಮನಿರಿ. ನಮ್ಮ ಹುಡುಗಿ ಮೊದಲು ‘ಹೆಂಚು’ ಅಂದಳು. ಆಮೇಲೆ ‘ಮೀನು’ ಅಂದಳು. ಎರಡಕ್ಕೂ ನಾನು ‘ಅಲ್ಲ’ ಅನ್ನಲಿಲ್ಲ. ಕಿಟಕಿಯನ್ನು ನಿಧಾನ ಸರಿಸಿದೆ. ಕಾಲು ಬಂತು, ಉಗುರು ಬಂತು, ಚೂಪು ಮೂತಿ ಬಂತು. ಪೂರ್ತಿ ಕಾಣುವ ಹೊತ್ತಿಗೆ ಅವಳು ಫೋಟೊ ಮೇಲೇ ಬಾಗಿದ್ದಳು. ಹಳೆಯ ಭಯ ನೆನಪೇ ಇರಲಿಲ್ಲ.

ಈಗ ಉಗುರಿನ ಮಾತು. ಮಗುವಿನ ಕೈ ಹಿಡಿದು ಅದರ ಹೆಬ್ಬೆರಳಿನ ಉಗುರನ್ನು ಅದರ ಬೆರಳಿಂದಲೇ ಮುಟ್ಟಿಸಿ. ‘ಚಿಪ್ಪುಹಂದಿಯ ಚಿಪ್ಪೂ ಇದರಿಂದಲೇ ಆಗಿರೋದು’ ಅನ್ನಿ. ಇದು ನಿಜ. ಎರಡೂ ಕೆರಾಟಿನ್ ಎಂಬ ಪ್ರೋಟೀನ್‌ನಿಂದ ಆದವು. ಆ ಪದ ಮಗುವಿಗೆ ಬೇಕಾಗಿಲ್ಲ. ನಮ್ಮವಳು ಹತ್ತು ಉಗುರನ್ನೂ ಒಂದೊಂದಾಗಿ ತಟ್ಟಿ ನೋಡಿದಳು. ಕಾಡಿನ ಪ್ರಾಣಿಯೊಂದು ಮಗುವಿನ ಮೈಯಲ್ಲೇ ಸಿಕ್ಕಿತು ನೋಡಿ. ಅದಕ್ಕೇ ನಾನು ಚಿಪ್ಪುಹಂದಿಯಿಂದ ಶುರು ಮಾಡಿ ಅನ್ನುವುದು.

4. ಪದ್ಯ ಕಟ್ಟುವುದು

ಕವಿಯಾಗಿರಬೇಕಿಲ್ಲ. ಚಪ್ಪಾಳೆಗೆ ಹೊಂದಿದರೆ ಆಯಿತು. ಮೊದಲು ನಿಜವಾದ ಮೂರ್ನಾಲ್ಕು ಸಂಗತಿ ಇಟ್ಟುಕೊಳ್ಳಿ. ಇದು ರಾತ್ರಿ ಹೊರಡುತ್ತದೆ. ಹಲ್ಲಿಲ್ಲ. ಉದ್ದ ನಾಲಗೆಯಿಂದ ಇರುವೆ, ಗೆದ್ದಲು ತಿನ್ನುತ್ತದೆ. ಹೆದರಿದರೆ ಉಂಡೆಯಾಗುತ್ತದೆ. ಅವನ್ನೇ ಸಾಲು ಮಾಡಿ:

ಚಿಪ್ಪಿನ ಚಿಪ್ಪಿನ ಅಂಗಿಯ ತೊಟ್ಟು
ತೆಪ್ಪಗೆ ಬಂದಿತು ಕತ್ತಲಲಿ
ಹಲ್ಲೇ ಇಲ್ಲದ ಬಾಯಿಯ ತೆರೆದು
ಗೆದ್ದಲು ನೆಕ್ಕಿತು ನಾಲಗೆಲಿ

ಮೊದಲ ಎರಡು ದಿನ ನೀವೇ ಹೇಳಿ. ಮೂರನೇ ದಿನ ಸಾಲಿನ ಕೊನೆಯ ಪದ ಬಿಟ್ಟುಬಿಡಿ, ಮಗು ತುಂಬಿಸುತ್ತದೆ. ಆಮೇಲೆ ಒಂದು ಸಾಲು ಕೊಟ್ಟು, ಮುಂದಿನದನ್ನು ಮಗುವಿಗೇ ಬಿಡಿ. ‘ಮುಟ್ಟಲು ಹೋದರೆ ಆಯಿತು ಉಂಡೆ’ ಅಂತ ನಾನಂದೆ. ‘ಉಂಡೆ ಥರ ಏನೇನಿದೆ?’ ಅಂದಾಗ ಬೆಂಡೆ, ಮಂಡೆ, ಕಂಡೆ ಎಲ್ಲ ಬಂದವು. ಕೊನೆಗೆ ಅವಳ ಸಾಲು ಹೀಗಾಯಿತು: ‘ಎಲ್ಲಿದೆ ಬಾಲ? ನಾನೇ ಕಂಡೆ!’ ಪದ್ಯ ಹೇಳುತ್ತಾ ಚಾಪೆ ಮೇಲೆ ಉಂಡೆಯಾಗಿ ಉರುಳುವುದೂ ಆಯಿತು.

ಒಂದೇ ನಿಯಮ: ಪ್ರಾಸಕ್ಕಾಗಿ ಸುಳ್ಳು ಸೇರಿಸಬೇಡಿ. ಗೆದ್ದಲು ತಿನ್ನುವ ಪ್ರಾಣಿಗೆ ಲಡ್ಡು ತಿನ್ನಿಸಿದರೆ, ಮಗು ಅದನ್ನೇ ನಂಬಿಕೊಳ್ಳುತ್ತದೆ.

5. ಕಡಿಮೆಯಾಗುತ್ತಿವೆ ಅನ್ನುವ ಮಾತು

ಇದು ಎರಡನೇ ವಾರಕ್ಕಿರಲಿ. ಆಗ ಉದ್ದ ಭಾಷಣ ಬೇಡ. ‘ಚಿಪ್ಪು ಔಷಧಿ ಅಂದ್ಕೊಂಡು ಕೆಲವರು ಇದನ್ನು ಹಿಡೀತಾರೆ. ಅದಕ್ಕೇ ಈಗ ಜಾಸ್ತಿ ಉಳಿದಿಲ್ಲ. ಹಿಡಿಯಬಾರದು ಅಂತ ಕಾನೂನಿದೆ, ಕಾಯುವವರೂ ಇದ್ದಾರೆ.’ ಐದು ವರ್ಷದವರಿಗೆ ಇಷ್ಟು ಸಾಕು. ಇದನ್ನು ಕೇಳಿ ನಮ್ಮವಳು ತನ್ನ ಉಗುರು ನೋಡಿಕೊಂಡು, ‘ಉಗುರು ಔಷಧಿ ಅಲ್ವಲ್ಲಾ?’ ಅಂದಳು. ಅಲ್ಲ ಅಂದೆ.

ಏಳೆಂಟು ವರ್ಷದವರು ‘ಯಾಕೆ’ ಅಂತ ಬಿಡದೆ ಕೇಳುತ್ತಾರೆ. ಅವರಿಗೆ ರಣಹದ್ದಿನ ಕಥೆ ಹೇಳಿ. ದನಗಳಿಗೆ ನೋವು ಕಡಿಮೆಯಾಗಲು ಡೈಕ್ಲೊಫೆನಾಕ್ ಎಂಬ ಔಷಧಿ ಕೊಡುತ್ತಿದ್ದರು. ಆ ದನ ಸತ್ತಾಗ ತಿಂದ ರಣಹದ್ದುಗಳ ಮೂತ್ರಪಿಂಡ ಕೆಟ್ಟು ಅವು ಸಾಯುತ್ತಿದ್ದವು. ಕಾರಣ ಗೊತ್ತಾದ ಮೇಲೆ, 2006ರಲ್ಲಿ ದನಗಳಿಗೆ ಅದನ್ನು ಕೊಡದಂತೆ ಭಾರತ ನಿಷೇಧಿಸಿತು. 2012ರಲ್ಲಿ ರಾಮನಗರದ ರಾಮದೇವರಬೆಟ್ಟ ರಣಹದ್ದುಗಳ ಧಾಮವಾಯಿತು. ಆದ ತಪ್ಪನ್ನು ದೊಡ್ಡವರು ತಿದ್ದಲು ಹೊರಟಿದ್ದೂ ಈ ಕಥೆಯಲ್ಲಿದೆ. ಮಗುವಿಗೆ ಆ ಭಾಗ ತಪ್ಪದೆ ಹೇಳಬೇಕು.

6. ಗೋಡೆಗೆ ಹಾಕಿ

ಫೋಟೊವನ್ನು ಮಗುವಿನ ಕಣ್ಣಿನ ಎತ್ತರಕ್ಕೆ ಅಂಟಿಸಿ, ನಿಮ್ಮ ಎತ್ತರಕ್ಕಲ್ಲ. ಕೆಳಗೆ ಪದ್ಯ ಬರೆದು, ಮಗುವಿನ ಸಾಲನ್ನು ಬೇರೆ ಬಣ್ಣದಲ್ಲಿ ಬರೆಯಿರಿ. ಪಕ್ಕದಲ್ಲಿ ಇನ್ನೊಂದು ಫೋಟೊಗೆ ಜಾಗ ಬಿಡಿ.

ನಮ್ಮ ಮನೆಯಲ್ಲಿ ಆ ಜಾಗಕ್ಕೆ ಸಿಂಗಳೀಕ ಬಂದಿದೆ. ಪಶ್ಚಿಮ ಘಟ್ಟ ಬಿಟ್ಟರೆ ಅದು ಎಲ್ಲೂ ಇಲ್ಲ; ಉತ್ತರ ಕನ್ನಡದ ಅಘನಾಶಿನಿ ಕಣಿವೆಯ ಕಾಡಿನಲ್ಲಿದೆ. ಸಿಕ್ಕ ಹಣ್ಣನ್ನು ಕೆನ್ನೆಯ ಚೀಲದಲ್ಲಿ ತುಂಬಿಕೊಳ್ಳುತ್ತದೆ. ಅವಳು ನಿನ್ನೆಯಿಂದ ಎರಡೂ ಕೆನ್ನೆ ಉಬ್ಬಿಸಿಕೊಂಡು ಓಡಾಡುತ್ತಿದ್ದಾಳೆ. ಮೊದಲ ಸಾಲು ಇನ್ನೂ ಹುಟ್ಟಿಲ್ಲ.